ಸಣ್ಣ ಕಾರಿಗೆ ದೊಡ್ಡ ಎಂಜಿನ್ನು

ತೀರ್ಥಹಳ್ಳಿಯ ಕಡೆಯ ಗೃಹಸ್ಥರೊಬ್ಬರು ಈ ಪುಟಕ್ಕೆ ಕಾಗದವೊಂದನ್ನು ಬರೆದು ತಮಗೊದಗಿರುವ ಧರ್ಮಸಂಕಟವನ್ನು ನಿವೇದಿಸಿರುವರು. ಅವರ ಮನೆಯಲ್ಲಿ ಹದಿನೇಳು ವರ್ಷಗಳಿಂದ ಒಂದು ಮಾರುತಿ ೮೦೦ ಕಾರಿರುವುದು. ಮಕ್ಕಳ ಶಾಲೆ, ಸಂತೆಪೇಟೆ, ಮದುವೆ ಮುಂಜಿ ಎಲ್ಲಕ್ಕೂ ಅದೇ ವಾಹನ. ಈಗ್ಗೆ ಎರಡು ವರ್ಷಗಳಿಂದ ತಮ್ಮ ವೃದ್ಧ ಮಾತೆಯವರನ್ನು ತಿಂಗಳಿಗೆ ಎರಡಾವರ್ತಿ ಆಗುಂಬೆಯ ಘಟ್ಟವಿಳಿಸಿ ಕರಾವಳಿಯ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲಿಯೇ. ಹಿಂದಿರುಗುವಾಗ ಮನೆಮಂದಿಯ ಭಾರವನ್ನು ಹೊತ್ತ ಆ ಹಳೆಯ ಕಾರು ಘಟ್ಟದ ತಿರುವುಗಳಲ್ಲಿ ಏದುಸಿರು ಬಿಡುವುದಂತೆ. ಅವರ ಚಿರಂಜೀವಿಯು ಮೆಕಾನಿಕಲ್ ಡಿಪ್ಲೊಮಾ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವನು. "ಅಪ್ಪಾ, ಗುಜರಿಯಲ್ಲಿ ಎಸ್ಟೀಮ್ ಕಾರಿನ ಎಂಜಿನ್ನು ಸಿಕ್ಕುತ್ತದೆ. ಅದನ್ನು ನಮ್ಮ ಕಾರಿಗೆ ಕೂಡಿಸಿಬಿಟ್ಟರೆ ಅಜ್ಜಿಯನ್ನು ಕೂರಿಸಿಕೊಂಡು ಘಟ್ಟವನ್ನು ಹಾರುತ್ತ ಹತ್ತಬಹುದು" ಎಂಬುದು ಅವನ ವಾದ. ತಂದೆಯವರು ಬರೆಯುತ್ತಾರೆ: "ಬೇಡವೆಂದರೆ ಹುಡುಗನ ಉತ್ಸಾಹ ಕುಂದುವುದು; ಆಗಲಿ ಎಂದರೆ ನನ್ನ ಎದೆ ನಡುಗುವುದು. ಏನು ಮಾಡಲಿ?"

ಈ ಪ್ರಶ್ನೆಯನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದ್ದುದನ್ನು ಇನ್ನಷ್ಟು ಬಲಪಡಿಸಬೇಕೆಂಬ ಬಯಕೆಯು ಮನುಷ್ಯನಿಗೆ ಸಹಜವಾದುದು. ಅದಿಲ್ಲದಿದ್ದರೆ ಎತ್ತಿನ ಗಾಡಿಯಿಂದ ಮೋಟಾರಿನವರೆಗೆ ನಾವು ಬರುತ್ತಿರಲಿಲ್ಲ. ಸಣ್ಣ ಕಾರಿಗೆ ದೊಡ್ಡ ಶಕ್ತಿಯನ್ನು ಕೊಟ್ಟು ಲೋಕದ ಮೆಚ್ಚುಗೆಯನ್ನು ಪಡೆದವರೂ ಉಂಟು. ಆದುದರಿಂದ ಹೌದು ಅಲ್ಲ ಎಂದು ಹೇಳುವ ಮುನ್ನ, ಅಂಥವರು ಆ ಕಾರ್ಯವನ್ನು ಯಾವ ಕ್ರಮದಿಂದ ಮಾಡಿದರೆಂಬುದನ್ನು ನೋಡುವುದು ಯುಕ್ತ.

೧೯೫೬ರ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಅಭಾವವುಂಟಾಯಿತು. ಆಗ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಕಂಪೆನಿಯು, ಅಲ್ಪ ಪೆಟ್ರೋಲಿನಲ್ಲಿ ಒಂದು ಸಂಸಾರವನ್ನು ಹೊರುವ ಸಣ್ಣ ಕಾರನ್ನು ರಚಿಸುವ ಭಾರವನ್ನು ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿಗೆ ವಹಿಸಿತು. ೧೯೫೯ರ ಆಗಸ್ಟಿನಲ್ಲಿ 'ಮಿನಿ' ಎಂಬ ಕಾರು ಹೊರಬಂದಿತು. ಉದ್ದ ಕೇವಲ ಹತ್ತು ಅಡಿ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರುಪೆಟ್ಟಿಗೆಯನ್ನು ಅದರ ಕೆಳಗೆ ಅಡಗಿಸಿ, ಉಳಿದ ಸ್ಥಳವನ್ನೆಲ್ಲ ಮನುಷ್ಯರಿಗೆ ಬಿಟ್ಟುಕೊಟ್ಟಿದ್ದನು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿರುವುದು. ಪರೀಕ್ಷೆಗಾಗಿ ಮೊದಲು ರಚಿಸಿದ ಕಾರುಗಳಲ್ಲಿ ೯೪೮ ಸಿ.ಸಿ. ಗಾತ್ರದ ಎಂಜಿನ್ನಿದ್ದಿತು. ಅವು ಗಂಟೆಗೆ ತೊಂಬತ್ತು ಮೈಲಿಗೂ ಮೀರಿ ಓಡಿದುವು. ಸಾಮಾನ್ಯ ಗೃಹಸ್ಥನ ಕೈಗೆ ಕೊಡುವ ಸಣ್ಣ ಕಾರಿಗೆ ಇಷ್ಟು ವೇಗವು ಅತಿಯಾಯಿತೆಂದು ಎಣಿಸಿ, ಎಂಜಿನ್ನನ್ನು ೮೪೮ ಸಿ.ಸಿ.ಗೆ ಇಳಿಸಿ, ೩೪ ಅಶ್ವಶಕ್ತಿಯಷ್ಟನ್ನೇ ಇಟ್ಟರು. ಹೆಚ್ಚಿನ ಶಕ್ತಿಯನ್ನು ಕೊಡಬಲ್ಲವರೇ ಬೇಕೆಂದು ಕಡಿಮೆ ಮಾಡಿ ಕೊಟ್ಟರು. ಅಂಗಡಿಯಿಂದ ಬಂದ ಕಾರಿನ ಶಕ್ತಿಯು ಕಡಿಮೆಯೆಂದು ಹಳಿಯುವ ತರುಣರು ಇದನ್ನು ನೆನೆಯಬೇಕು. ಆ ಅಲ್ಪತೆಯು ಅನೇಕ ವೇಳೆ ಅಜ್ಞಾನದ ಫಲವಲ್ಲ, ವಿವೇಕದ ಫಲ.

ಜಾನ್ ಕೂಪರ್ ಎಂಬವನು ಪಂದ್ಯದ ಕಾರುಗಳನ್ನು ರಚಿಸುವುದರಲ್ಲಿ ನಿಪುಣ. ಅವನ ಕಾರುಗಳು ೧೯೫೯ ಮತ್ತು ೧೯೬೦ರಲ್ಲಿ ಜಗತ್ತಿನ ಅತ್ಯುನ್ನತ ಪಂದ್ಯಗಳಾದ ಫಾರ್ಮುಲಾ ಒಂದರಲ್ಲಿ ನಿರ್ಮಾಪಕರ ಪ್ರಶಸ್ತಿಯನ್ನು ಪಡೆದಿದ್ದುವು. ಅವನು ಮಿನಿಯನ್ನು ಓಡಿಸಿ ನೋಡಿ, ಅದು ತಿರುವುಗಳಲ್ಲಿ ನೆಲವನ್ನು ಹಿಡಿದು ಸಾಗುವ ಚಾತುರ್ಯಕ್ಕೆ ಬೆರಗಾಗಿ, ಇದಕ್ಕೆ ಹೆಚ್ಚಿನ ಶಕ್ತಿಯನ್ನು ಕೊಡಬೇಕೆಂದು ಕಂಪೆನಿಯವರನ್ನು ಒಪ್ಪಿಸಿದನು. ೧೯೬೧ರಲ್ಲಿ ೯೯೭ ಸಿ.ಸಿ.ಯ, ೫೫ ಅಶ್ವಶಕ್ತಿಯ 'ಮಿನಿ ಕೂಪರ್' ಸಿದ್ಧವಾಯಿತು. ಆದರೆ ಅವರು ಎಂಜಿನ್ನೊಂದನ್ನೇ ಬದಲಾಯಿಸಿ ಕೈತೊಳೆದುಕೊಳ್ಳಲಿಲ್ಲ. ಮುಂಗಾಲಿಗಳಿಗಿದ್ದ ಹಳೆಯ ಡ್ರಮ್ ಬ್ರೇಕುಗಳನ್ನು ತೆಗೆದು ಡಿಸ್ಕ್ ಬ್ರೇಕುಗಳನ್ನಿಟ್ಟರು. ಗೇರುಗಳ ಪ್ರಮಾಣವನ್ನು ಬೇರೆ ಮಾಡಿದರು. ೧೯೬೩ರಲ್ಲಿ ೧೦೭೧ ಸಿ.ಸಿ.ಯ, ೭೦ ಅಶ್ವಶಕ್ತಿಯ 'ಕೂಪರ್ ಎಸ್' ಬಂದಾಗ ಬ್ರೇಕಿನ ತಟ್ಟೆಗಳನ್ನು ಮತ್ತೆ ದೊಡ್ಡದು ಮಾಡಿ, ಕಾಲಿನ ಒತ್ತಡಕ್ಕೆ ಸಹಾಯಕವಾದ ಸರ್ವೊ ಎಂಬ ಉಪಕರಣವನ್ನು ಜೋಡಿಸಿದರು. ಶಕ್ತಿಯು ಒಂದು ಹೆಜ್ಜೆ ಏರಿದಾಗಲೆಲ್ಲ ತಡೆಯೂ ಒಂದು ಹೆಜ್ಜೆ ಏರಿತು. ಆ ಪುಟ್ಟ ಕಾರು ೧೯೬೪, ೧೯೬೫, ೧೯೬೭ ಈ ಮೂರು ವರ್ಷಗಳಲ್ಲಿ ಆಲ್ಪ್ಸ್ ಪರ್ವತದ ಹಿಮದ ದಾರಿಗಳಲ್ಲಿ ನಡೆಯುವ ಮಾಂಟಿ ಕಾರ್ಲೊ ಪಂದ್ಯವನ್ನು ಗೆದ್ದಿತು. ಅದಕ್ಕಿಂತ ಎಷ್ಟೋ ಬಲಿಷ್ಠವಾದ ಕಾರುಗಳು ಹಿಂದೆ ಉಳಿದುವು.

ನಮ್ಮ ದೇಶದಲ್ಲಿಯೂ ಇಂತಹ ನಿದರ್ಶನವಿಲ್ಲದೆ ಇಲ್ಲ. ೨೦೧೪ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್ ಕಾರಿಗೆ ೧೯೯೦ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಕಂಪೆನಿಯ ಹೆಚ್ಚು ಶಕ್ತಿಯ ಎಂಜಿನ್ನನ್ನು ಕೂಡಿಸಿದರು. ಅದರೊಡನೆ ಐದು ಗೇರಿನ ಹೊಸ ಗೇರುಪೆಟ್ಟಿಗೆಯೂ ಬಂದಿತು. ತಯಾರಕನು ಎಂಜಿನ್ನನ್ನು ಬದಲಾಯಿಸುವಾಗ ಅದಕ್ಕೆ ಹೊಂದುವ ಪರಿವಾರವನ್ನೂ ಕರೆತರುವನು. ಗುಜರಿಯಿಂದ ತರುವವನು ಒಂಟಿ ಎಂಜಿನ್ನನ್ನು ತರುವನು.

ಈಗ ನಮ್ಮ ಗೃಹಸ್ಥರ ಮನೆಯಂಗಳಕ್ಕೆ ಬರೋಣ. ಮಾರುತಿ ೮೦೦ ಕಾರು ೧೯೮೩ರ ಡಿಸೆಂಬರಿನಿಂದ ೨೦೧೪ರ ಜನವರಿಯವರೆಗೆ ತಯಾರಾಯಿತು. ಅದರ ಎಂಜಿನ್ನಿಗೆ ಮೂರು ಸಿಲಿಂಡರುಗಳು, ೭೯೬ ಸಿ.ಸಿ. ಗಾತ್ರ, ಈಚಿನ ಮಾದರಿಗಳಲ್ಲಿ ೩೭ ಅಶ್ವಶಕ್ತಿ. ಕಾರಿನ ಸ್ವಂತ ತೂಕ ಸುಮಾರು ೬೫೦ ಕಿಲೋ. ಚಕ್ರವು ೧೨ ಅಂಗುಲದ್ದು. ಚಿರಂಜೀವಿಯು ಬಯಸುವ ಎಸ್ಟೀಮ್ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು, ೧೨೯೮ ಸಿ.ಸಿ., ಮಾದರಿಗೆ ತಕ್ಕಂತೆ ೬೫ರಿಂದ ೮೫ ಅಶ್ವಶಕ್ತಿ. ಎಂದರೆ ಹಳೆಯದರ ಸುಮಾರು ಎರಡರಷ್ಟು. ಆ ಎಂಜಿನ್ನನ್ನು ಹೊತ್ತಿದ್ದ ಎಸ್ಟೀಮ್ ಕಾರಾದರೋ ಹೆಚ್ಚು ಉದ್ದದ್ದು, ಹೆಚ್ಚು ಭಾರದ್ದು, ೧೩ ಅಂಗುಲದ ಚಕ್ರಗಳನ್ನುಳ್ಳದ್ದು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯು ಇಂಥ ಕಡೆ ನೆನಪಿಗೆ ಬಾರದಿರದು.

ಎಂಜಿನ್ನು ಕೂಡಿಸಿದ ಮಾತ್ರಕ್ಕೆ ಕೆಲಸವು ಮುಗಿಯಿತೆಂದು ತಿಳಿಯಬಾರದು. ಎಂಜಿನ್ನಿನ ಬಲವು ಚಕ್ರವನ್ನು ಮುಟ್ಟುವ ದಾರಿಯಲ್ಲಿ ಕ್ಲಚ್ಚು, ಗೇರುಪೆಟ್ಟಿಗೆ, ಚಕ್ರವನ್ನು ತಿರುಗಿಸುವ ದಂಡಗಳು ಇರುವುವು. ಇವೆಲ್ಲವೂ ಹಳೆಯ ಬಲಕ್ಕೆ ಅಳತೆ ಮಾಡಿದವು. ಅಧಿಕ ಬಲವನ್ನು ಹೊರಿಸಿದರೆ ಮೊದಲು ಕ್ಲಚ್ಚು ಜಾರುವುದು. ಬಳಿಕ ಗೇರಿನ ಹಲ್ಲುಗಳಿಗೂ ದಂಡದ ಕೀಲುಗಳಿಗೂ ಪೆಟ್ಟು ಬೀಳುವುದು. ದೊಡ್ಡ ಎಂಜಿನ್ನು ಹೆಚ್ಚು ಶಾಖವನ್ನು ಹುಟ್ಟಿಸುವುದರಿಂದ ಹಳೆಯ ರೇಡಿಯೇಟರು ಅದನ್ನು ತಣಿಸಲಾರದು. ಎಂಜಿನ್ನನ್ನು ಹಿಡಿದಿರುವ ರಬ್ಬರಿನ ಆಧಾರಗಳು, ಮುಂಭಾಗದ ಸ್ಪ್ರಿಂಗುಗಳು, ಟೈರುಗಳು ಇವೆಲ್ಲವೂ ಹೆಚ್ಚಿದ ಭಾರವನ್ನು ತಾಳಬೇಕು. ಇಂಥ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿಲ್ಲ. ತಗಡಿನ ಮೈಯೇ ಅಸ್ಥಿಪಂಜರ. ಹದಿನೇಳು ಮಳೆಗಾಲಗಳನ್ನು, ಅದರಲ್ಲಿಯೂ ಮಲೆನಾಡಿನ ಮಳೆಗಾಲಗಳನ್ನು, ಕಂಡ ತಗಡಿನ ಒಳಮೈಯನ್ನು ತುಕ್ಕು ಎಷ್ಟು ತಿಂದಿರುವುದೋ ಹೊರಗಿನ ಬಣ್ಣವನ್ನು ನೋಡಿ ಹೇಳಲಾಗದು. ಬೇಸಾಯಗಾರರು ಇದನ್ನು ಬಲ್ಲರು: ನೊಗಕ್ಕೆ ಒಂದು ಬಲವಾದ ಎತ್ತನ್ನೂ ಒಂದು ಬಡಕಲು ಎತ್ತನ್ನೂ ಕಟ್ಟಿದರೆ ಉಳುಮೆಯು ಹೆಚ್ಚುವುದಿಲ್ಲ, ನೊಗವು ಓರೆಯಾಗುವುದು, ಬಡ ಎತ್ತಿನ ಕುತ್ತಿಗೆಯಲ್ಲಿ ಹುಣ್ಣಾಗುವುದು.

ಸಂಸ್ಕೃತದ ಒಂದು ಮಾತನ್ನು ಇಲ್ಲಿ ಹೇಳಬೇಕೆನಿಸುವುದು. 'ಯಂತ್ರ'ವೆಂಬ ಶಬ್ದವನ್ನು ನಾವು ದಿನವೂ ಆಡುವೆವು. ಅದರ ಧಾತುವನ್ನು ವಿಚಾರಿಸುವವರು ವಿರಳ. ಅದು ತಡೆಯುವುದು, ಹಿಡಿತದಲ್ಲಿಡುವುದು ಎಂಬ ಅರ್ಥವುಳ್ಳ 'ಯಮ್' ಧಾತುವಿಗೆ ಸಂಬಂಧಪಟ್ಟುದು. ನಿಯಮ, ಸಂಯಮ, ನಿಯಂತ್ರಣ ಇವೆಲ್ಲವೂ ಅದರ ಬಂಧುಗಳು. ಅಮರಕೋಶದಲ್ಲಿ ಸಾರಥಿಗೆ ಹೇಳಿರುವ ಹೆಸರುಗಳಲ್ಲಿ 'ಯಂತಾ' ಎಂಬುದೂ ಒಂದು. ತಡೆದು ನಡೆಸುವವನೆಂದು ಅದರ ಅರ್ಥ. ಓಡಿಸುವವನಿಗೆ ತಡೆಯುವವನೆಂಬ ಹೆಸರನ್ನಿಟ್ಟ ಹಿರಿಯರ ದೃಷ್ಟಿಯು ಸೂಕ್ಷ್ಮವಾದುದು. ಕುದುರೆಗೆ ಓಡಲು ಯಾರೂ ಕಲಿಸಬೇಕಾಗಿಲ್ಲ. ಓಟವನ್ನು ಹಿಡಿತದಲ್ಲಿಡುವುದೇ ಸಾರಥ್ಯ. ಹಾಗೆಯೇ ಪೆಟ್ರೋಲಿಗೆ ಉರಿಯಲು ಯಾರೂ ಕಲಿಸಬೇಕಾಗಿಲ್ಲ. ಆ ಉರಿಯನ್ನು ಅಳತೆಯಲ್ಲಿ ನಡೆಸಿ, ಬೇಕಾದಾಗ ನಿಲ್ಲಿಸುವ ಏರ್ಪಾಟಿರುವುದರಿಂದಲೇ ಅದು ಯಂತ್ರವೆನಿಸುವುದು.

ಈ ನಿಲ್ಲಿಸುವಿಕೆಯ ಲೆಕ್ಕವನ್ನು ಒಮ್ಮೆ ಮನೆಯಲ್ಲಿ ಕುಳಿತು ಮಾಡಿ ನೋಡಬೇಕು. ಪ್ರೌಢಶಾಲೆಯ ಗಣಿತವೇ ಸಾಕು. ಓಡುವ ವಸ್ತುವಿನಲ್ಲಿ ಅಡಗಿರುವ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು. ವೇಗವು ಒಂದೂವರೆಯಷ್ಟಾದರೆ ಆ ಶಕ್ತಿಯು ಎರಡೂಕಾಲರಷ್ಟಾಗುವುದು. ವೇಗವು ಇಮ್ಮಡಿಯಾದರೆ ಅದು ನಾಲ್ಮಡಿಯಾಗುವುದು. ತೇವವಿಲ್ಲದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ ೬೦ ಕಿಲೋಮೀಟರು ವೇಗದ ಕಾರು, ಬ್ರೇಕನ್ನು ಒತ್ತಿದ ಮೇಲೆ ಸುಮಾರು ೨೦ ಮೀಟರು ದೂರದಲ್ಲಿ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಅದೇ ಕಾರು ೯೦ ಕಿಲೋಮೀಟರು ವೇಗದಲ್ಲಿದ್ದರೆ ಸುಮಾರು ೪೫ ಮೀಟರು ಬೇಕಾಗುವುದು. ಇದಕ್ಕೆ, ಕಣ್ಣು ಕಂಡದ್ದನ್ನು ಕಾಲು ಅರಿಯುವ ಒಂದು ಕ್ಷಣಕಾಲವನ್ನು ಕೂಡಿಸಬೇಕು. ಆ ಒಂದು ಸೆಕೆಂಡಿನಲ್ಲಿ ಮೊದಲನೆಯ ಕಾರು ೧೭ ಮೀಟರು, ಎರಡನೆಯದು ೨೫ ಮೀಟರು ಮುಂದೆ ಹೋಗಿರುವುದು. ಒಟ್ಟಿನಲ್ಲಿ ೩೭ ಮೀಟರಿಗೆ ಬದಲು ೭೦ ಮೀಟರು. ರಸ್ತೆಗೆ ಅಡ್ಡ ಬಂದ ಕರುವಿಗಾಗಲಿ ಮಗುವಿಗಾಗಲಿ ಈ ವ್ಯತ್ಯಾಸವೇ ಆಯುಷ್ಯ.

ಇಷ್ಟು ಅಪಾಯವನ್ನು ಹೊತ್ತು ಪಡೆಯುವ ಲಾಭವಾದರೂ ದೊಡ್ಡದೇ ಎಂದರೆ ಅದೂ ಅಲ್ಲ. ವೇಗವು ಹೆಚ್ಚಾದಾಗ ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಎಂಜಿನ್ನಿನ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುವುದು; ವೇಗವನ್ನು ಇಮ್ಮಡಿಗೊಳಿಸಲು ಎಂಟರಷ್ಟು ಸಾಮರ್ಥ್ಯ ಬೇಕು. ಆದುದರಿಂದ ಅಶ್ವಶಕ್ತಿಯನ್ನು ಇಮ್ಮಡಿಗೊಳಿಸಿದವನಿಗೆ ಪರಮವೇಗದಲ್ಲಿ ದೊರೆಯುವುದು ಕಾಲು ಪಾಲಿನಷ್ಟು ಹೆಚ್ಚಳ ಮಾತ್ರ.

"ನನಗೆ ಬೇಕಾದುದು ವೇಗವಲ್ಲ, ಘಟ್ಟ ಹತ್ತುವ ಬಲ" ಎಂದು ಚಿರಂಜೀವಿಯು ಹೇಳಬಹುದು. ಈ ಮಾತು ಸತ್ಯವೇ. ಹತ್ತುವಾಗ ದೊಡ್ಡ ಎಂಜಿನ್ನಿನಿಂದ ನಿಸ್ಸಂದೇಹವಾಗಿ ಸುಖವುಂಟು. ಆದರೆ ಆಗುಂಬೆಯ ಹದಿನಾಲ್ಕು ಸುತ್ತಿನ ತಿರುವುಗಳನ್ನು ಹತ್ತುವವನು ಅವನ್ನು ಇಳಿಯಲೂ ಬೇಕಷ್ಟೆ? ಹತ್ತುವಾಗ ಬಲ ಸಾಲದ ಕಾರು ನಿಧಾನವಾಗುವುದು, ಹೆಚ್ಚೆಂದರೆ ನಿಂತುಹೋಗುವುದು. ಇಳಿಯುವಾಗ ತಡೆ ಸಾಲದ ಕಾರು ನಿಲ್ಲುವುದಿಲ್ಲ. ಮೊದಲನೆಯದರಿಂದ ಹೊತ್ತು ಹೋಗುವುದು, ಎರಡನೆಯದರಿಂದ ಪ್ರಾಣ ಹೋಗುವುದು. ಘಟ್ಟದುದ್ದಕ್ಕೂ ಒತ್ತಿಹಿಡಿದ ಬ್ರೇಕು ಕಾಯುವುದು. ಬ್ರೇಕಿನ ಕೊಳವೆಗಳಲ್ಲಿರುವ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ, ಅತಿಯಾದ ಶಾಖಕ್ಕೆ ಕುದಿದು ಗುಳ್ಳೆಗಳೇಳುವುವು. ಆಗ ಎಷ್ಟು ಒತ್ತಿದರೂ ಪೆಡಲು ಒಳಕ್ಕಿಳಿಯುವುದೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಮುಂಭಾಗದ ಭಾರವನ್ನು ಹೆಚ್ಚಿಸಿ ಬ್ರೇಕನ್ನು ಮೊದಲಿನಂತೆಯೇ ಬಿಟ್ಟ ಕಾರಿನಲ್ಲಿ ಈ ಅಪಾಯವು ಹೆಚ್ಚುವುದಲ್ಲದೆ ಕಡಿಮೆಯಾಗದು. ಆ ಹೊತ್ತಿನಲ್ಲಿ ಹಿಂದಿನ ಪೀಠದಲ್ಲಿ ಕುಳಿತಿರುವವರು ಯಾರೆಂಬುದನ್ನು ನಾನು ಬೇರೆಯಾಗಿ ಹೇಳಬೇಕಾಗಿಲ್ಲ.

ರಾಜಶಾಸನದ ಮಾತನ್ನೂ ಅರಿತಿರಬೇಕು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿಪತ್ರದ ವಿವರಗಳು ತಯಾರಕನು ಮೂಲತಃ ಹೇಳಿದುದಕ್ಕೆ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಮಾರ್ಪಾಟು ಒಂದಕ್ಕೆ ೫೦೦೦ ರೂಪಾಯಿಗಳ ದಂಡ, ಇಲ್ಲವೆ ಎರಡೂ ಒದಗಬಹುದು. ಅನಿಲಕ್ಕೆ ಅಥವಾ ಬ್ಯಾಟರಿಗೆ ಬದಲಾಯಿಸಲು ನಿಯಮಬದ್ಧವಾದ ಜೋಡಣೆಗಳಿಗೆ ಕಾಯಿದೆಯಲ್ಲಿ ಅವಕಾಶವಿರುವುದು. ಕೆಟ್ಟ ಎಂಜಿನ್ನಿಗೆ ಬದಲು ಅದೇ ಬಗೆಯ ಎಂಜಿನ್ನನ್ನು ಕೂಡಿಸುವುದಾದರೂ, ನೋಂದಣಿ ಕಛೇರಿಯಲ್ಲಿ ವಿಚಾರಿಸಿ ಹೊಸ ಎಂಜಿನ್ನಿನ ಸಂಖ್ಯೆಯನ್ನು ಪತ್ರದಲ್ಲಿ ಬರೆಯಿಸತಕ್ಕದ್ದು. ಗುಜರಿಯ ಎಂಜಿನ್ನು ಯಾವ ಕಾರಿನದು, ಕಳವಿನ ಕಾರಿನದೋ ಎಂಬುದನ್ನು ಮಾರುವವನು ಹೇಳುವುದಿಲ್ಲ. ಆ ಸಂಖ್ಯೆಯು ಹೇಳುವುದು. ಹದಿನೈದು ವರ್ಷ ಕಳೆದ ಕಾರಿನ ನೋಂದಣಿಯನ್ನು ನವೀಕರಿಸಲು ಅಧಿಕಾರಿಗಳೆದುರು ಪರೀಕ್ಷೆಗೆ ಒಯ್ಯಬೇಕಾಗುವುದರಿಂದ ಮಾರ್ಪಾಟನ್ನು ಮರೆಮಾಚಿ ಕಾಲ ಕಳೆಯುವುದೂ ಸಾಧ್ಯವಲ್ಲ. ಇದಕ್ಕಿಂತ ಘೋರವಾದುದು ವಿಮೆಯ ವಿಷಯ. ವಿಮೆಯು ಪತ್ರದಲ್ಲಿ ಬರೆದಿರುವ ವಾಹನಕ್ಕೆ. ಮನೆಯಲ್ಲಿ ಮಾಡಿದ ಬೇರೆ ವಾಹನಕ್ಕಲ್ಲ. ಅಪಘಾತವಾದಲ್ಲಿ ವಿಮಾ ಕಂಪೆನಿಯು ತಕರಾರು ಹೂಡುವುದಕ್ಕೆ ನಾವೇ ಕಾರಣವನ್ನು ಒದಗಿಸಿಕೊಟ್ಟಂತಾಗುವುದು. ಪರರಿಗೆ ತೆರಬೇಕಾದ ಪರಿಹಾರದ ಹೊರೆಯು ಮನೆಯ ಮೇಲೆಯೇ ಬಿದ್ದರೆ ಹೊಲಮನೆಗಳು ಉಳಿಯುವುವೇ?

ಹಾಗಾದರೆ ಏನು ಮಾಡತಕ್ಕದ್ದು? ಬರಿಯ ನಿಷೇಧವು ಗೃಹಸ್ಥಧರ್ಮವಲ್ಲ. ಮಗನ ಮಾತಿನಲ್ಲಿರುವ ಸತ್ಯಾಂಶಕ್ಕೆ ಉತ್ತರವನ್ನು ಕೊಡಬೇಕು. ಕಾರು ಏದುಸಿರು ಬಿಡುತ್ತಿರುವುದು ನಿಜ. ಅದು ಹುಟ್ಟಿನಿಂದ ಬಂದ ಅಶಕ್ತಿಯೋ, ಮುಪ್ಪಿನಿಂದ ಬಂದ ರೋಗವೋ ಎಂಬುದನ್ನು ಮೊದಲು ತಿಳಿಯಬೇಕು. ಸಿಲಿಂಡರುಗಳ ಒತ್ತಡವನ್ನು ಅಳೆಯಿಸಿ ನೋಡಲಿ. ಗಾಳಿಯ ಜಾಲರಿ ಕಟ್ಟಿದ್ದರೆ, ಸ್ಪಾರ್ಕ್ ಪ್ಲಗ್ಗುಗಳು ಸವೆದಿದ್ದರೆ, ಕ್ಲಚ್ಚು ಜಾರುತ್ತಿದ್ದರೆ, ಬಿಟ್ಟಮೇಲೂ ಬ್ರೇಕು ಚಕ್ರವನ್ನು ಹಿಡಿದೇ ಇದ್ದರೆ, ಟೈರುಗಳಲ್ಲಿ ಗಾಳಿ ಸಾಲದಿದ್ದರೆ, ಇವುಗಳಲ್ಲಿ ಯಾವೊಂದರಿಂದಲೂ ಬಲವು ಕುಂದುವುದು. ಇವೆಲ್ಲವನ್ನೂ ಸರಿಪಡಿಸುವ ವೆಚ್ಚವು ಗುಜರಿಯ ಎಂಜಿನ್ನಿನ ಸಾಹಸಕ್ಕೆ ತಗಲುವುದಕ್ಕಿಂತ ಕಡಿಮೆ. ಎಂಜಿನ್ನೇ ಸವೆದಿದ್ದರೆ ಅದನ್ನೇ ಬಿಚ್ಚಿ ಪಿಸ್ಟನ್ ರಿಂಗುಗಳನ್ನೂ ವಾಲ್ವುಗಳನ್ನೂ ಸರಿಗೊಳಿಸಿ ಮತ್ತೆ ಕಟ್ಟಬಹುದು. ಡಿಪ್ಲೊಮಾ ಪಡೆದ ತರುಣನಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದು ನ್ಯಾಯಕ್ಕೂ ವಿರುದ್ಧವಲ್ಲ.

ಘಟ್ಟದಲ್ಲಿ ಓಡಾಡುವವರು ಕೆಲವು ನಿಯಮಗಳನ್ನು ಮರೆಯಬಾರದು. ಬ್ರೇಕಿನ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹತ್ತುವಾಗ ತಂಪುಗಾಳಿಯ ಯಂತ್ರವನ್ನು ನಿಲ್ಲಿಸಿ, ಬೇಡದ ಗಂಟುಮೂಟೆಗಳನ್ನು ಮನೆಯಲ್ಲಿಯೇ ಬಿಡಬೇಕು. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಅನುಭವವಾಕ್ಯ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ತಡೆಯಾಗಿ ನಿಂತು ಬ್ರೇಕಿನ ಭಾರವನ್ನು ಹಂಚಿಕೊಳ್ಳುವುದು. ಪೆಟ್ರೋಲಿನ ಉಳಿತಾಯಕ್ಕೆಂದು ಗೇರು ಬಿಡಿಸಿ ಇಳಿಯುವುದು ಆತ್ಮಘಾತಕ್ಕೆ ಸಮಾನ.

ಚಿರಂಜೀವಿಗೂ ಒಂದು ಮಾತು. ಅಪ್ಪಾ, ನಿನ್ನ ಅಭಿಲಾಷೆಯು ಹೀನವಾದುದಲ್ಲ. ಕೂಪರನೂ ನಿನ್ನಂತೆಯೇ ಒಂದು ಸಣ್ಣ ಕಾರನ್ನು ನೋಡಿ, ಇದರಲ್ಲಿ ಇನ್ನಷ್ಟು ಅಡಗಿರುವುದೆಂದು ಊಹಿಸಿದವನು. ಆದರೆ ಅವನು ತನ್ನ ಪ್ರಯೋಗವನ್ನು ಕಾರ್ಖಾನೆಯವರ ಸಮ್ಮತಿಯಿಂದ ಮಾಡಿದನು, ಪಂದ್ಯಕ್ಕಾಗಿ ಏರ್ಪಟ್ಟ ದಾರಿಯಲ್ಲಿ ಪರೀಕ್ಷಿಸಿದನು. ನಿನಗೂ ಅಂಥ ದಾರಿಯುಂಟು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿಯೂ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿಯೂ ಓಟಕ್ಕೆಂದೇ ನಿರ್ಮಿತವಾದ ಪಥಗಳಿರುವುವು. ಅಲ್ಲಿ ನಿಯಮವುಂಟು, ಶಿರಸ್ತ್ರಾಣವುಂಟು, ಎದುರಿನಿಂದ ಬರುವ ಬಸ್ಸಿಲ್ಲ. ಪಂದ್ಯದ ಕಾರುಗಳನ್ನು ಕಟ್ಟುವ ಕಾರ್ಯಾಗಾರಗಳಲ್ಲಿ ಕೆಲಸಕ್ಕೆ ಸೇರಿದರೆ ವಿದ್ಯೆಯೂ ಅನ್ನವೂ ದೊರೆಯಬಹುದು. ಅಲ್ಲಿ ನಿನಗೆ ಮೊದಲು ಕಲಿಸುವುದು ಎಂಜಿನ್ನನ್ನಲ್ಲ, ಬ್ರೇಕನ್ನು.

ಆದುದರಿಂದ ಕಾಗದ ಬರೆದ ಮಹನೀಯರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಆ ಎಂಜಿನ್ನಿಗೆ ತಾವು ಅನುಮತಿಯನ್ನು ಕೊಡಕೂಡದು. ಆದರೆ ಬರಿಗೈಯಲ್ಲಿ ಹುಡುಗನನ್ನು ಕಳುಹಿಸಲೂ ಕೂಡದು. ಕಾರನ್ನು ಪರೀಕ್ಷಿಸಿ ಯಾವ ಅಂಗಕ್ಕೆ ಯಾವ ಚಿಕಿತ್ಸೆ ಬೇಕೆಂಬ ಪಟ್ಟಿಯನ್ನು ಅವನಿಂದಲೇ ಬರೆಯಿಸಿ, ಬ್ರೇಕು ಮತ್ತು ಟೈರುಗಳನ್ನು ಮೊದಲಿಟ್ಟು, ಹಣವನ್ನೂ ಅಧಿಕಾರವನ್ನೂ ಅವನ ಕೈಗೆ ಕೊಡಿ. ಇಷ್ಟಾದ ಮೇಲೂ ಆ ಹಳೆಯ ಕಾರು ಘಟ್ಟಕ್ಕೆ ಸಾಲದೆಂದು ಕಂಡರೆ, ಅದನ್ನು ಊರೊಳಗಿನ ಕೆಲಸಕ್ಕೆ ಇಟ್ಟುಕೊಂಡು ಘಟ್ಟಕ್ಕೆ ತಕ್ಕ ಬಾಡಿಗೆಯ ವಾಹನವನ್ನು ಗೊತ್ತುಮಾಡುವುದು ಉಚಿತ. ತಿಂಗಳಿಗೆ ಎರಡು ಪ್ರಯಾಣದ ಬಾಡಿಗೆಯು ದೊಡ್ಡ ಮೊತ್ತವಾಗಿ ತೋರಬಹುದು. ಹಿರಿಯ ಜೀವವೊಂದು ನೆಮ್ಮದಿಯಿಂದ ಹೋಗಿ ಬರುವುದಕ್ಕೆ ಅದು ಹೆಚ್ಚಲ್ಲ. ಬಲವನ್ನು ಗಳಿಸುವ ಮುನ್ನ ಅದನ್ನು ತಾಳುವ ಅಂಗಗಳನ್ನು ಗಳಿಸಬೇಕೆಂಬ ನೀತಿಯು ಕಾರಿಗೆ ಎಷ್ಟು ಸಲ್ಲುವುದೋ, ಸಂಬಳ ಹೆಚ್ಚಿದ ಸಂಸಾರಕ್ಕೂ ಅಧಿಕಾರ ದೊರೆತ ಮನುಷ್ಯನಿಗೂ ಅಷ್ಟೇ ಸಲ್ಲುವುದು.